ಮಾವನ ಕೋಟು ನೀರು ಕಂಡಿದ್ದು

ಅಗ್ನಿಶಾಮಕ ಠಾಣೆಗೆ ಕೋಟು ಒಗೆಯುವ ದೊಡ್ಡ ಯಂತ್ರ ಬಂದ ದಿನದಿಂದ ಮಾವ ತಮ್ಮ ಕೋಟನ್ನು ಠಾಣೆಯಲ್ಲಿ ಬಿಟ್ಟು ಹೋಗುವುದನ್ನೇ ನಿಲ್ಲಿಸಿದರು. ಕಳ್ಳರ ಭಯವಿದ್ದವರು ಒಡವೆಯನ್ನು ಮೈಮೇಲೇ ಇಟ್ಟುಕೊಳ್ಳುವಂತೆ, ಪಾಳಿ ಮುಗಿದ ಕೂಡಲೇ ಅದನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಕಾರಿನ ಹಿಂದಿನ ಸೀಟಿಗೆ ಹಾಕಿ, ಎರಡು ಸಲ ಬಾಗಿಲು ಎಳೆದು ನೋಡಿ ಹೊರಡುತ್ತಿದ್ದರು.

ಮೊದಲು ಅವರನ್ನು ಮಾವ ಎಂದು ಕರೆಯುತ್ತಿದ್ದವನು ಒಬ್ಬನೇ, ಅವರ ಮಗಳನ್ನು ಮದುವೆಯಾದವನು. ಅವನಿಗೂ ಅದೇ ಠಾಣೆ, ಅದೇ ಪಾಳಿ, ಅದೇ ಗಾಡಿ. ಅವನ ಬಾಯಿಂದ ಆ ಮಾತು ಡ್ರೈವರಣ್ಣನ ಬಾಯಿಗೆ ಬಿದ್ದು, ಅಲ್ಲಿಂದ ಮಿಕ್ಕವರ ಬಾಯಿಗೆ ಹರಡಿ, ಈಗ ಇಡೀ ಠಾಣೆಗೆ ಅವರು ಮಾವ, ಇವನು ಅಳಿಯ. ಹೊಸದಾಗಿ ಬಂದ ಠಾಣಾಧಿಕಾರಿ ಮೇಡಂ ಕೂಡ ಒಂದು ವಾರ ಬಿಗುಮಾನ ಕಾಪಾಡಿಕೊಂಡು, ಆಮೇಲೆ ಸೋತು ಮಾವ ಎನ್ನತೊಡಗಿದ್ದರು.

ಮಾವನದು ಎರಡು ನಾಲಿಗೆ. ಮನೆಯಲ್ಲಿ "ಅಳಿಯಂದ್ರೆ, ಊಟ ಮಾಡಿ, ಇನ್ನೊಂಚೂರು ಹಾಕಿಸ್ಕೊಳಿ" ಎಂದು ಬಹುವಚನದಲ್ಲಿ ಉಪಚಾರ ಮಾಡುವವರು, ಗಾಡಿ ಹತ್ತಿದರೆ "ಏ, ಪೈಪ್ ಹಿಡ್ಕೊಳೋ, ನಿದ್ದೆ ಮಾಡ್ತಿದೀಯಾ" ಎಂದು ಗದರುತ್ತಿದ್ದರು. ಅಳಿಯ ಇದಕ್ಕೆ ಒಗ್ಗಿಹೋಗಿದ್ದ. ಠಾಣೆಯ ಗೇಟು ಅವನ ಮಟ್ಟಿಗೆ ಏಕವಚನ ಬಹುವಚನಗಳ ಗಡಿ.

ಇನ್ನು ಆ ಕೋಟು. ಹುಟ್ಟಿದಾಗ ಅದರ ಬಣ್ಣ ಗಂಧದ್ದು ಎಂದು ಹಳಬರು ಹೇಳುತ್ತಿದ್ದರು. ಈಗ ಅದಕ್ಕೆ ಬಣ್ಣ ಎಂಬುದೇ ಇರಲಿಲ್ಲ. ತೋಳಿಗೂ ಬೆನ್ನಿಗೂ ಹೊಲಿದಿದ್ದ ಹೊಳೆಯುವ ಪಟ್ಟಿಗಳು ಮಸಿಯೊಳಗೆ ಎಂದೋ ಮುಳುಗಿಹೋಗಿದ್ದವು. ಬಲ ತೋಳಿನದು ಎಣ್ಣೆ ಗಿರಣಿಯ ಬೆಂಕಿ, ಬೆನ್ನಿನದು ಚಪ್ಪಲಿ ಕಾರ್ಖಾನೆ, ಕಾಲರಿನ ಹತ್ತಿರದ್ದು ಹಳೇ ಚಿತ್ರಮಂದಿರ ಎಂದು ಮಾವ ಬೆರಳಿಟ್ಟು ತೋರಿಸುತ್ತಿದ್ದರು. ಆ ಠಾಣೆಯಲ್ಲಿ ಕಪ್ಪು ಕೋಟಿಗೆ ಗೌರವ. ಯಾರ ಕೋಟು ಹೆಚ್ಚು ಕಪ್ಪೋ ಅವರಿಗೆ ಗಾಡಿಯಲ್ಲಿ ಡ್ರೈವರಣ್ಣನ ಪಕ್ಕದ ಸೀಟು. ಕೋಟು ಚೊಕ್ಕವಾಗಿದ್ದವನನ್ನು "ಏನ್ ಮದುಮಗ, ಹುಡುಗಿ ಮನೆಯವ್ರು ಬಂದ್ರಾ" ಎಂದು ಕಾಲೆಳೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ಯಾರೂ ಕಾಣದ ಹೊತ್ತಿನಲ್ಲಿ ಹಿತ್ತಲಿಗೆ ಹೋಗಿ ತಮ್ಮ ಕೋಟನ್ನು ಸುಟ್ಟ ತೊಲೆಗೆ ಉಜ್ಜಿಕೊಂಡು ಬರುವುದಿತ್ತು.

ಮೇಡಂ ಬಂದವರೇ ಇದಕ್ಕೆ ಕೈ ಹಾಕಿದರು. ಯಂತ್ರ ತರಿಸಿದರು, ಒಗೆಯಲು ಹಾಕಿದಾಗ ತೊಡಲೆಂದು ಬದಲಿ ಕೋಟುಗಳನ್ನೂ ತರಿಸಿದರು. ಬೆಂಕಿಯಿಂದ ಬಂದವರು ಮೊದಲು ಸ್ನಾನ, ಆಮೇಲೆ ಟೀ ಎಂದರು.

"ಮಸಿ ಅಂದ್ರೆ ಬರೀ ಮಸಿ ಅಲ್ಲ ಮಾವ. ಪ್ಲಾಸ್ಟಿಕ್ಕು, ಪೇಂಟು, ಫೋಮು ಎಲ್ಲಾ ಸುಟ್ಟಿದ್ದು ಅದರಲ್ಲಿ ಕೂತಿರುತ್ತೆ. ನೀವು ಬೆವೆತಾಗ ಕುತ್ತಿಗೆ ಚರ್ಮದಿಂದ ಒಳಗೆ ಇಳಿಯುತ್ತೆ."

"ಇಷ್ಟು ವರ್ಷ ಇಳಿದಿದ್ದು ಇನ್ನೆಲ್ಲಿಗೆ ಇಳೀಬೇಕು ಮೇಡಂ. ಆಗ್ಲೇ ಕಾಲಿನ ಹೆಬ್ಬೆಟ್ಟಿಗೆ ಬಂದಿರುತ್ತೆ."

"ಬದಲಿ ಕೋಟು ಇದೆಯಲ್ಲ, ಒಂದು ದಿನ ಅದನ್ನ ಹಾಕ್ಕೊಳ್ಳಿ."

"ಬೇರೆಯವರ ಹಲ್ಲುಜ್ಜೋ ಬ್ರಷ್ ಕೊಟ್ರೆ ನೀವು ಬಾಯಿಗೆ ಇಟ್ಕೊತೀರಾ?"

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಮ್ಮೂ ನಕ್ಕರು, ಆದರೆ ಮರುದಿನವೇ ತಮ್ಮ ಕೋಟನ್ನು ಎಲ್ಲರೆದುರಿಗೆ ಯಂತ್ರಕ್ಕೆ ಹಾಕಿದರು. ಒಬ್ಬೊಬ್ಬರಾಗಿ ಮಿಕ್ಕವರೂ ಹಾಕಿದರು. ಮಾವ ಮಾತ್ರ ಜಗ್ಗಲಿಲ್ಲ. ಅವರಿಗೆ ಹೇಳದೆ ಯಾರಾದರೂ ಕೋಟನ್ನು ಒಗೆದುಬಿಟ್ಟರೆ ಎಂಬ ಹೆದರಿಕೆಯಿಂದ ಅದನ್ನು ಮನೆಗೆ ಒಯ್ಯಲು ಶುರುಮಾಡಿದ್ದು ಆಗಲೇ.

ಪೇಚು ಶುರುವಾದದ್ದೂ ಅಲ್ಲಿಂದಲೇ.

ಅಳಿಯನಿಗೆ ಅವಳಿ ಮಕ್ಕಳು. ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡವಳು ಮೊದಲು ಹುಟ್ಟಿದಳು ಎಂಬುದನ್ನು ಬಿಟ್ಟರೆ ಆ ಹೆಸರುಗಳಿಗೆ ಬೇರೆ ಆಧಾರವಿಲ್ಲ. ಇಬ್ಬರಿಗೂ ನಾಲ್ಕು ವರ್ಷ, ಇಬ್ಬರಿಗೂ ನಿದ್ದೆಯೆಂದರೆ ಆಗದು. ಹೆಂಡತಿ ಬೇಕರಿಯಲ್ಲಿ ಕೆಲಸಕ್ಕಿದ್ದಳು. ನಸುಕಿಗೇ ಎದ್ದು ಹೋದರೆ ಬರುವುದು ಮಧ್ಯಾಹ್ನ. ಅಳಿಯ ಬರುವ ತನಕ ಮಾತ್ರ ಪಕ್ಕದ ಮನೆಯವರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಒಂದು ಹಗಲು ಒಂದು ರಾತ್ರಿಯ ಪಾಳಿ ಮುಗಿಸಿ ಅಳಿಯ ಮನೆಗೆ ಬರುವ ಹೊತ್ತಿಗೆ ಮಾವ ಹಿಂದೆಯೇ ಬಂದು, ಮಕ್ಕಳಿಬ್ಬರನ್ನೂ ಕಾರಿಗೆ ತುಂಬಿಕೊಂಡು ಉದ್ಯಾನಕ್ಕೋ ಕೆರೆ ದಂಡೆಗೋ ಹೋಗಿಬಿಡುತ್ತಿದ್ದರು. ಮಾವನಿಗೆ ನಿದ್ದೆಯ ಹಂಗಿರಲಿಲ್ಲ. ಗಾಡಿಯಲ್ಲಿ ಕೂತಲ್ಲೇ, ಸೈರನ್ನಿನ ಕೆಳಗೇ ಗೊರಕೆ ಹೊಡೆಯಬಲ್ಲವರು ಅವರು. ಅಳಿಯ ಬಾಗಿಲು ಹಾಕಿಕೊಂಡು ಮಧ್ಯಾಹ್ನದವರೆಗೆ ಮರದ ತುಂಡಿನಂತೆ ಬಿದ್ದುಕೊಳ್ಳುತ್ತಿದ್ದ. ಆ ಸಂಸಾರ ನಿಂತಿದ್ದೇ ಆ ನಿದ್ದೆಯ ಮೇಲೆ.

ಒಂದು ಮಧ್ಯಾಹ್ನ ಹೆಂಡತಿ ಚಿಕ್ಕದರ ಕೆನ್ನೆ ಒರೆಸಿದಳು. ಬಟ್ಟೆ ಕಪ್ಪಾಯಿತು. ದೊಡ್ಡದರ ಅಂಗೈ ಒರೆಸಿದಳು. ಮತ್ತೂ ಕಪ್ಪಾಯಿತು. ಅಪ್ಪನ ಕಾರಿಗೆ ಹೋಗಿ ಹಿಂದಿನ ಸೀಟಿಗೆ ಮೂಗು ಇಟ್ಟಳು. ಚಿಕ್ಕದಕ್ಕೆ ಹದಿನೈದು ದಿನದಿಂದ ಬಿಡದೆ ಕಾಡುತ್ತಿದ್ದ ಕೆಮ್ಮಿನ ಜಾಡು ಅವಳಿಗೆ ಸಿಕ್ಕಿತು.

"ಅಪ್ಪ, ಆ ಕೋಟು ಒಗೆಸೋ ತನಕ ನೀನು ಈ ಹೊಸಿಲು ದಾಟಬೇಡ."

"ಕೋಟು ಕಾರಲ್ಲಿದೆ ಮಗಳೇ. ಮನೆಯೊಳಗೆ ನಾನೊಬ್ನೇ ಬಂದಿರೋದು."

"ಕಾರಲ್ಲಿ ಕೋಟು, ಕೋಟಿನ ಮೇಲೆ ನನ್ನ ಮಕ್ಕಳು. ನಿನ್ನ ಜೊತೆ ಠಾಣೇಲಿದ್ರಲ್ಲ ದೊಡ್ಡಪ್ಪ, ಅವ್ರ ಗಂಟಲು ಏನಾಯ್ತು ಅಂತ ನೋಡ್ಲಿಲ್ವಾ ನೀನು? ಮಾತೇ ಹೊರಡಲ್ಲ ಪಾಪ ಅವ್ರಿಗೆ."

"ಅವನು ಸಿಗರೇಟು ಸೇದ್ತಿದ್ದ."

"ನೀನು ಇಡೀ ಗೋದಾಮನ್ನೇ ಸೇದ್ತೀಯಲ್ಲಪ್ಪ."

ಮಾವ ಅಳಿಯನ ಮುಖ ನೋಡಿದರು. ಅಳಿಯ ಗೋಡೆ ನೋಡಿದ. ಮಾವ ಚಪ್ಪಲಿ ಮೆಟ್ಟಿಕೊಂಡು, "ಆಯ್ತು, ನಾನು ಬರೋದೇ ಬೇಡ ಅಂದ್ರೆ ಬರಲ್ಲ ಬಿಡು" ಎಂದು ಮುಖ ಊದಿಸಿಕೊಂಡು ಹೊರಟೇಬಿಟ್ಟರು. ಅಪ್ಪನ ಹಟ ಮಗಳಿಗೂ ಬಳುವಳಿಯಾಗಿ ಬಂದಿತ್ತು. ಅವಳು ತಿರುಗಿ ಕರೆಯಲಿಲ್ಲ.

ಅಡಕತ್ತರಿಯಲ್ಲಿ ಸಿಕ್ಕಿಕೊಂಡವನು ಅಳಿಯ. ಪಾಳಿ ಮುಗಿಸಿ ಬಂದವನಿಗೆ ಈಗ ಹಾಸಿಗೆಯ ಬದಲು ಮಕ್ಕಳು. ಮೊದಲ ದಿನ ಕಥೆ ಹೇಳುತ್ತಾ ಹೇಳುತ್ತಾ ತಾನೇ ನಿದ್ದೆ ಹೋದ. ಎದ್ದಾಗ ಹಿಟ್ಟಿನ ಡಬ್ಬಿ ಖಾಲಿಯಾಗಿತ್ತು, ಮಕ್ಕಳು ಬೆಳ್ಳಗಾಗಿದ್ದರು. ಎರಡನೆಯ ಸಲ ನಿದ್ದೆ ತಡೆಯಲು ನಿಂತೇ ಇದ್ದ. ನಿಂತೇ ನಿದ್ದೆ ಬಂತು. ಹೀಗೆ ವಾರಗಳುರುಳಿದವು. ಠಾಣೆಯಲ್ಲಿ ಹೆಲ್ಮೆಟ್ಟು ತಲೆಯ ಮೇಲಿಟ್ಟುಕೊಂಡೇ ಅದನ್ನು ಹುಡುಕಿದ. ಮೇಡಂ ಕರೆದು, "ನಿದ್ದೆಗೆಟ್ಟವನನ್ನ ಬೆಂಕಿಯೊಳಗೆ ಕಳಿಸೋಕಾಗಲ್ಲ. ಮನೇಲಿ ಏನಾದ್ರೂ ಸರಿ ಮಾಡ್ಕೊ, ಇಲ್ಲಾಂದ್ರೆ ಒಂದು ತಿಂಗಳು ಟೆಲಿಫೋನಿನ ಮುಂದೆ ಕೂರ್ತೀಯ" ಎಂದರು.

ಅವನು ಮಾವನ ಹತ್ತಿರ ಹೋಗಿ ಗೋಗರೆದ. "ಮಾವ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದೇ ಒಂದು ಸಲ ಒಗೆಸಿ."

"ನನ್ನ ಮಗಳು ಕಳಿಸಿದ್ಲಾ?"

"ನನ್ನ ನಿದ್ದೆ ಕಳಿಸ್ತು."

ಮಾವ ನಕ್ಕರು. ಆದರೆ ಸಂಜೆ ಅವನ ಕಿವಿಗೆ ಒಂದು ಮಾತು ಬಿತ್ತು. ಮಾವ ಬಿಡುವಿನ ದಿನ ಒಬ್ಬರೇ ಉದ್ಯಾನಕ್ಕೆ ಹೋಗಿ ಜಾರುಬಂಡೆಯ ಎದುರಿನ ಬೆಂಚಿನ ಮೇಲೆ ಕೂತು ಬರುತ್ತಾರಂತೆ. ಹಾಗೆಂದು ಡ್ರೈವರಣ್ಣ ಹೇಳಿದ. "ಕೋಟು ಪಕ್ಕದಲ್ಲಿತ್ತು ಕಣೋ, ಮಗು ಮಲಗಿಸಿದಂಗೆ."

ಮರುವಾರ ಒಂದು ಮಧ್ಯಾಹ್ನ ಗೋಣಿಚೀಲದ ಗೋದಾಮಿಗೆ ಬೆಂಕಿ ಬಿತ್ತು.

ಉರಿ ಬೇಗ ಇಳಿಯಿತು. ಉಳಿದದ್ದು ಹೊಗೆ, ಮತ್ತು ಒಳಗೊಳಗೇ ಕನಲುವ ಚೀಲಗಳ ರಾಶಿ. ಅದನ್ನು ಕೆದಕಿ ಕೆದಕಿ ನೀರು ಹಾಕುವುದೇ ನಿಜವಾದ ದುಡಿಮೆ. ಮಾವ, ಅಳಿಯ ಜೋಡಿಯಾಗಿ ಒಳಗೆ ಹೋದರು. ಬೆನ್ನಿಗೆ ಗಾಳಿಯ ಸಿಲಿಂಡರು, ಮುಖಕ್ಕೆ ಮಾಸ್ಕು. ಜೋಡಿಯಾಗಿ ಹೋದವರು ಒಬ್ಬರನ್ನೊಬ್ಬರು ಬಿಡಬಾರದು ಎಂಬುದು ನಿಯಮ. ಆದರೆ ನಡುದಾರಿಯಲ್ಲಿ ಪೈಪು ಬಾಗಿಲಿನ ಅಂಚಿಗೆ ಸಿಕ್ಕಿ ಮುಂದಕ್ಕೆ ಬಾರದಾಯಿತು.

"ಬಿಡಿಸ್ಕೊಂಡ್ ಬಾರೋ, ನಾನು ಇಲ್ಲೇ ಇರ್ತೀನಿ" ಎಂದರು ಮಾವ ಮಾಸ್ಕಿನೊಳಗಿಂದ.

ಅಳಿಯ ಪೈಪು ಬಿಡಿಸಿಕೊಂಡು ಬಂದ. ಮಾವ ಇರಲಿಲ್ಲ.

ಟಾರ್ಚು ಬೀಸಿದ. ಕಪ್ಪು ಗೋಡೆ, ಕಪ್ಪು ಚೀಲ, ಕಪ್ಪು ಹೊಗೆ. ಹೊರಗಿನ ಕಿಟಕಿಯ ಬಳಿ ಬೇರೆ ಜೋಡಿ ಕೆಲಸ ಮಾಡುತ್ತಿತ್ತು. ಟಾರ್ಚಿನ ಬೆಳಕು ಅವರ ಕಡೆ ಹೋದದ್ದೇ ತಡ, ತೋಳಿನ ಪಟ್ಟಿಗಳು ಝಗ್ಗನೆ ಹೊತ್ತಿಕೊಂಡವು. ಅವರಿಬ್ಬರೂ ಇದ್ದಾರೆ. ಮಾವ? ಮತ್ತೆ ಬೀಸಿದ. ಒಂದು ರಾಶಿ ಜಾರಿ ಬಿದ್ದಿತ್ತು. ಮೊದಲು ಹೀಗಿತ್ತೋ ಇಲ್ಲವೋ ನೆನಪಾಗಲಿಲ್ಲ. "ಮಾವ" ಎಂದು ಕೂಗಿದ. ಗಾಡಿಯ ಪಂಪಿನ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಅಲುಗಾಡದೆ ಬಿದ್ದವರ ಕೋಟಿನಲ್ಲಿ ತಾನಾಗಿ ಕೂಗಿಕೊಳ್ಳುವ ಪುಟ್ಟ ಪೆಟ್ಟಿಗೆಯೊಂದಿರುತ್ತದೆ. ಅದೂ ಕೂಗಲಿಲ್ಲ. ಮಾವ ಸುಮ್ಮನೆ ಬಿದ್ದಿದ್ದರೆ ತಾನೇ ಅದು ಕೂಗುವುದು. ಅವರು ಸುಮ್ಮನಿರುವ ಜಾಯಮಾನದವರಲ್ಲ.

ಪಂಪಿನ ಸದ್ದು ತುಸು ತಗ್ಗಿದಾಗ ಸಣ್ಣಗೆ ಒಂದು ಸೀಟಿ ಕೇಳಿಸಿತು. ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತಾ ಬಂದಾಗ ಊದುವ ಸೀಟಿ. ಅಳಿಯ ತನ್ನ ಗಾಳಿಮಾಪಕದ ಮುಳ್ಳು ನೋಡಿಕೊಂಡ. ತನ್ನದಲ್ಲ.

ಮೂರನೆಯ ಸಲ ಟಾರ್ಚು ಬೀಸಿದ. ಜಾರಿದ ರಾಶಿಯಲ್ಲಿ ಒಂದು ಚೀಲ ಅಲುಗಿದಂತಾಯಿತು, ಅದರ ಮೇಲಿಂದ ಹೊಗೆಯೇಳುತ್ತಿತ್ತು. ಕನಲುತ್ತಿರುವ ಚೀಲ ಒಳಗಿನಿಂದ ಹೊತ್ತಿಕೊಳ್ಳುವ ಮುನ್ನ ಹೀಗೆಯೇ ಅಲುಗುವುದುಂಟು. ತಲೆ ಮಾವನನ್ನು ಹುಡುಕುತ್ತಿತ್ತು, ಕೈಗೆ ಮಾತ್ರ ತನ್ನ ಕಸುಬು ಗೊತ್ತಿತ್ತು. ಪೈಪಿನ ಬಾಯಿಯನ್ನು ಅಗಲಕ್ಕೆ ತಿರುಗಿಸಿ ಆ ಚೀಲದ ಮೇಲೆ ನೀರು ಬಿಟ್ಟ.

ಚೀಲಕ್ಕೆ ಒಂದು ತೋಳಿತ್ತು. ತೋಳಿನ ಮೇಲಿನ ಮಸಿ ಇಳಿದು, ಅಂಗೈಯಗಲದ ಬೆಳ್ಳಿ ಪಟ್ಟಿಯೊಂದು ಟಾರ್ಚಿಗೆ ಫಳ್ಳೆಂದಿತು.

"ಅಳಿಯಂದ್ರೆ, ಸಾಕು ನಿಲ್ಲಿಸಿ. ಇದು ನಾನು."

ಏಕವಚನದ ಗಡಿಯೊಳಗೆ ಮೊದಲ ಬಾರಿಗೆ ಬಹುವಚನ ಕೇಳಿಸಿತು. ಆದರೆ ಅದನ್ನು ಸವಿಯುವ ಹೊತ್ತಲ್ಲ ಅದು. ಚೀಲಗಳ ಕೆಳಗೆ ಮಾವನ ಕಾಲು ಸಿಕ್ಕಿಕೊಂಡಿತ್ತು. ಅಳಿಯ ಹುಚ್ಚನಂತೆ ಚೀಲ ಎಳೆದೆಸೆದ, ಕಿಟಕಿಯವರಿಗೆ ಟಾರ್ಚಿನಿಂದ ಸನ್ನೆ ಮಾಡಿದ. ಮೂವರೂ ಸೇರಿ ಮಾವನನ್ನು ಎಳೆದು ಹೊರಗೆ ತಂದು ಮಾಸ್ಕು ತೆಗೆಯುವಷ್ಟರಲ್ಲಿ ಸೀಟಿ ನಿಂತೇಹೋಗಿತ್ತು.

ಕಾಲಿಗೆ ಉಳುಕು, ಬೇರೇನಿಲ್ಲ. ಮಾವ ಗಾಡಿಯ ಮೆಟ್ಟಿಲ ಮೇಲೆ ಕೂತು ತೊಟ್ಟಿಕ್ಕುತ್ತಿದ್ದರು. ಹುಡುಗರಿಗೆ ಭಯ ಇಳಿದ ಮೇಲೆ ನಗು ಬಂತು.

"ಮಾವ, ಮೂಟೆಗೆ ಎಷ್ಟು ತೂಕ?" ಎಂದ ಒಬ್ಬ.

"ಅಳಿಯ ಮಾವನಿಗೆ ನೀರೆರೆದ" ಎಂದ ಡ್ರೈವರಣ್ಣ. "ನಾವೆಲ್ಲ ಇಷ್ಟು ದಿನ ಪ್ರಯತ್ನ ಪಟ್ರೂ ಆಗಿರ್ಲಿಲ್ಲ."

ಅಳಿಯ ನಗಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆಯಲಾಗದೆ ಮಾವನ ಪಕ್ಕದಲ್ಲಿ ಕೂತುಬಿಟ್ಟ.

"ಮೂರು ಸಲ ನಿಮ್ಮ ಮೇಲೆ ಬೆಳಕು ಬಿಟ್ಟೆ ಮಾವ. ಮೂರು ಸಲವೂ ಚೀಲ ಅಂದ್ಕೊಂಡೆ."

"ಹೊಗೆ ಜಾಸ್ತಿ ಇತ್ತು."

"ಹೊಗೇಲಿ ಬೇರೆಯವ್ರು ಕಂಡ್ರು. ನೀವು ಕಾಣ್ಲಿಲ್ಲ. ನಿಮ್ಮ ಮಗಳಿಗೆ ನಾನು ಏನಂತ ಹೇಳ್ಬೇಕಿತ್ತು? ಅಪ್ಪ ಅಲ್ಲೇ ಇದ್ರು, ನಾನು ನೋಡ್ಕೊಂಡೇ ಮುಂದೆ ಹೋದೆ ಅಂತಲಾ?"

ಮಾವ ಅವನ ಕೈಯಿಂದ ಬಾಟಲಿ ತೆಗೆದುಕೊಂಡು, ಮುಚ್ಚಳ ತಿರುಗಿಸಿ, ಮೊದಲು ಅವನಿಗೇ ಕೊಟ್ಟರು.

ಠಾಣೆಗೆ ಬಂದ ಮೇಲೆ ಮಾವ ಕುಂಟುತ್ತಾ ಪೈಪುಗಳನ್ನಿಡುವ ಕೋಣೆಗೆ ಹೋದರು. ಕಿಟಕಿಯಿಲ್ಲದ ಕೋಣೆ. ಒಂದು ಮೊಳೆಗೆ ತಮ್ಮ ಕೋಟು, ಇನ್ನೊಂದಕ್ಕೆ ಮೇಡಂ ಕೋಟು ತಗುಲಿಹಾಕಿದರು. ತಮ್ಮ ಕೋಟಿನ, ನೀರು ಬಿದ್ದು ಪಟ್ಟಿ ಎದ್ದುಕಂಡಿದ್ದ ತೋಳನ್ನು ಒಳಕ್ಕೆ ಮಡಚಿದರು. ಬಾಗಿಲು ಹಾಕಿ, ದೀಪ ಆರಿಸಿ, ಟಾರ್ಚು ಬಿಟ್ಟರು. ಹೊರಗೆ ನಿಂತವರಿಗೆ ಬಾಗಿಲ ಸಂದಿಯಲ್ಲಿ ಬೆಳಕು ಆ ಕಡೆ ಈ ಕಡೆ ಓಡಾಡುವುದು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ಓಡಾಡಿತು. ತಾವೇ ತಗುಲಿಹಾಕಿದ ಕೋಟನ್ನು ಮಾವ ಹುಡುಕುತ್ತಿದ್ದಾರೆಂದು ಎಲ್ಲರಿಗೂ ಗೊತ್ತಾಯಿತು. ಈ ಸಲ ಯಾರೂ ನಗಲಿಲ್ಲ.

ಹೊರಗೆ ಬಂದ ಮಾವ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನೆಟ್ಟಗೆ ಯಂತ್ರದ ಮುಂದೆ ಹೋಗಿ ನಿಂತರು.

"ಇದರ ಬಾಗಿಲು ಯಾವ ಕಡೆಯಿಂದ ತೆಗಿಯೋದು?"

ಮೇಡಂ ಓಡಿ ಬಂದರು. ಕೋಟಿನ ಒಳಪದರ ಬೇರೆ, ಹೊರಪದರ ಬೇರೆ ಒಗೆಯಬೇಕು, ಕೊಕ್ಕೆ ಹಾಕಬೇಕು, ಜೇಬು ನೋಡಬೇಕು ಎಂದು ತೋರಿಸಿಕೊಟ್ಟರು. ಜೇಬಿನಲ್ಲಿ ಒಂದು ಅರೆಸುಟ್ಟ ಗುಂಡಿ, ಒಂದು ಮಗುವಿನ ಸಾಕ್ಸು ಸಿಕ್ಕವು. ಸಾಕ್ಸು ಕಂಡು ಮಾವ ಅದನ್ನೂ ಒಳಗೆ ಹಾಕಹೋದರು.

"ಮಕ್ಕಳ ಬಟ್ಟೆ ಇದರಲ್ಲಿ ಬೇಡ ಮಾವ. ಅದು ಇನ್ನು ಬಿಸಾಕೋದೇ."

ಮಾವ ಆ ಪುಟ್ಟ ಸಾಕ್ಸನ್ನು ತಿರುಗಿಸಿ ನೋಡಿದರು. ಎಂದೋ ಅದು ಹಳದಿಯಾಗಿತ್ತು. ಕಸದ ಬುಟ್ಟಿಗೆ ಹಾಕಿ ಸ್ನಾನಕ್ಕೆ ಹೋದರು.

ಬಿಡುವಿನ ದಿನ ಬೆಳಿಗ್ಗೆ ಮಾವ ಮಗಳ ಮನೆಯ ಹೊಸಿಲಾಚೆ ನಿಂತಿದ್ದರು. ಕೋಟು ಠಾಣೆಯಲ್ಲಿತ್ತು. ಕಾರಿನ ಸೀಟಿಗೂ ನೊರೆ ಹಚ್ಚಿ ತಿಕ್ಕಿದ್ದರು, ಅದಿನ್ನೂ ಒಣಗದೆ ಅವರ ಪ್ಯಾಂಟಿನ ಹಿಂಭಾಗ ಒದ್ದೆಯಾಗಿತ್ತು. ಅವತ್ತು ಮಗಳಿಗೂ ರಜೆ. ಬಿಳಿ ಬಟ್ಟೆಯೊಂದನ್ನು ಹಿಡಿದು ಬಾಗಿಲಿಗೆ ಬಂದಳು.

"ಬಗ್ಗು."

"ಒಗೆಸಿದೀನಿ ಮಗಳೇ, ಅಳಿಯಂದ್ರನ್ನೇ ಕೇಳು."

"ಕೋಟು ಒಗೆಸಿದೀಯ. ಒಳಗಿದ್ದವನನ್ನ?" ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಶಾಲೆಗೆ ಹೊರಟ ಮಗುವಿಗೆ ಮಾಡಿದಂತೆ ಒರೆಸಿ ಬಟ್ಟೆ ತೋರಿಸಿದಳು. ಬೂದುಬಣ್ಣ. "ಹೋಗು, ಇನ್ನೊಂದು ಸಲ ತಿಕ್ಕಿ ತೊಳ್ಕೊ. ನಾಡಿದ್ದು ಡಾಕ್ಟ್ರ ಹತ್ರ ಹೋಗಿ ಗಂಟಲು, ಎದೆ ತೋರಿಸ್ಕೊಂಡು ಬರ್ತೀಯ. ನಾನೇ ಕರ್ಕೊಂಡು ಹೋಗ್ತೀನಿ."

"ಇದು ಮೊದಲಿನ ಮಾತಲ್ಲಿ ಇರ್ಲಿಲ್ಲ."

"ಈಗ ಸೇರ್ಸಿದೀನಿ." ಅಷ್ಟು ಹೇಳಿ ಅವಳು ಮುಖ ತಿರುಗಿಸಿಕೊಂಡಳು. ಗೋದಾಮಿನಲ್ಲಿ ಆದದ್ದನ್ನು ಗಂಡ ಹೇಳಿದಾಗಿನಿಂದ ಅವಳಿಗೆ ಅಪ್ಪನ ಮುಖವನ್ನು ಒಂದೇ ಸಮನೆ ನೋಡಲು ಆಗುತ್ತಿರಲಿಲ್ಲ. ಮಾವನಿಗೆ ಅದು ಅರ್ಥವಾಯಿತು. ಬಚ್ಚಲಿಗೆ ಹೋದರು. ಅವರು ಹೊರಗೆ ಬರುವ ತನಕ ಮಕ್ಕಳಿಬ್ಬರೂ ಬಾಗಿಲಿಗೆ ಕಿವಿಯಿಟ್ಟು, "ತಾತ ಆಯ್ತಾ? ತಾತ ಬೆಳ್ಳಗಾದ್ಯಾ?" ಎಂದು ಕೇಳುತ್ತಲೇ ಇದ್ದರು.

ತಾತನನ್ನು ಮಕ್ಕಳ ಕೈಗೆ ಒಪ್ಪಿಸಿ, ಗಂಡ ಹೆಂಡತಿ ಐದು ನಿಮಿಷ ಕಾಲು ಚಾಚೋಣವೆಂದು ಒಳಗಿನ ಕೋಣೆಗೆ ಹೋದರು. ಹಾಸಿಗೆಗೆ ತಲೆ ತಾಗಿದ್ದು ಅವರಿಬ್ಬರಿಗೂ ನೆನಪಿಲ್ಲ.

ಎಚ್ಚರವಾದಾಗ ಬಿಸಿಲು ಕಿಟಕಿಯ ಇನ್ನೊಂದು ಬದಿಗೆ ಹೋಗಿತ್ತು. ಮನೆಯಲ್ಲಿ ಅನುಮಾನ ಬರುವಷ್ಟು ನಿಶ್ಶಬ್ದ. ಹೆಂಡತಿ ಎದ್ದು ಕೂತು ಕಾಲಿಗೆ ಹೊದಿಕೆ ಎಳೆದುಕೊಳ್ಳಹೋದಳು. ಹೊದಿಕೆ ಇರಲಿಲ್ಲ.

"ರೀ, ಹೊದಿಕೆ ಎಲ್ಲಿ?"

ಹಾಸಿಗೆಯ ಮೇಲುಹಾಸೂ ಇರಲಿಲ್ಲ. ಇಬ್ಬರೂ ಬರೀ ಗಾದಿಯ ಮೇಲಿದ್ದರು. ಮಲಗಿದ್ದವರ ಕೆಳಗಿನಿಂದ ಅದನ್ನು ಹೇಗೆ ಎಳೆದುಕೊಂಡರೋ. ಬಚ್ಚಲಿಗೆ ಹೋಗಿ ನೋಡಿದರೆ ದೊಡ್ಡ ಬಕೆಟ್ಟಿನಲ್ಲಿ, ಚಿಕ್ಕ ಬಕೆಟ್ಟಿನಲ್ಲಿ, ಮಕ್ಕಳು ಮೀಯುವ ತೊಟ್ಟಿಯಲ್ಲಿ ಮನೆಯ ಹೊದಿಕೆ, ಹಾಸು, ಟವೆಲ್ಲು, ಪರದೆಗಳೆಲ್ಲ ನೊರೆಯೊಳಗೆ ಮುಳುಗಿದ್ದವು. ದೊಡ್ಡದು ತೊಟ್ಟಿಯಲ್ಲಿ ನಿಂತು ತುಳಿಯುತ್ತಿತ್ತು, ಚಿಕ್ಕದು ದೊಡ್ಡ ಬಕೆಟ್ಟಿನಲ್ಲಿ. ಮಾವ ಪ್ಯಾಂಟು ಮಂಡಿಗೇರಿಸಿಕೊಂಡು ಉಳುಕಿದ ಕಾಲು ಚಾಚಿ ನೆಲದ ಮೇಲೆ ಕೂತು ಮೇಲ್ವಿಚಾರಣೆ ಮಾಡುತ್ತಿದ್ದರು.

"ಬೆಂಕಿ ಆಟ ಆಡಿದ್ವಿ ಅಮ್ಮ" ಎಂದಿತು ದೊಡ್ಡದು. "ಇವೆಲ್ಲ ನಮ್ಮ ಕೋಟು. ಬೆಂಕಿ ಆರಿದ ಮೇಲೆ ಕೋಟು ಒಗೀಬೇಕು."

"ಎಷ್ಟು ಸಲ ಬೆಂಕಿ ಬಿತ್ತು?" ಎಂದ ಅಳಿಯ ಕಣ್ಣುಜ್ಜಿಕೊಳ್ಳುತ್ತಾ.

"ತುಂಬಾ" ಎಂದಿತು ಚಿಕ್ಕದು.

"ಅಪ್ಪ, ಇವತ್ತು ರಾತ್ರಿ ನಾವು ಏನು ಹೊದ್ಕೊಳ್ಳೋದು?"

"ನಿಯಮ ಅಂದ್ರೆ ನಿಯಮ ಮಗಳೇ" ಎಂದು ಮಾವ ಒಂದು ಪರದೆಯ ತುದಿಯನ್ನು ಅಳಿಯನತ್ತ ಚಾಚಿದರು. "ಅಳಿಯಂದ್ರೆ, ಎದ್ದಿದೀರಲ್ಲ, ಇದನ್ನ ಸ್ವಲ್ಪ ಆ ಕಡೆ ಹಿಡ್ಕೊಂಡು ಹಿಂಡಿ."